ಲೈನ್ ಮನೆ ವೈರಸ್, ಪೇಟೆ ವೈರಸ್

2021ರ ಎರಡನೇ ಅಲೆಯಲ್ಲಿ ಕೊಡಗಿನ ಸಿದ್ದಾಪುರ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರು ಇರುವ ಸಾಲುಮನೆಗಳಲ್ಲಿ, ಕೋವಿಡ್ ಹಬ್ಬಿತು. ಪೇಟೆಯಲ್ಲೂ ಕೇಸ್ ಏರುತ್ತಿತ್ತು. ಹೊರಗಿನಿಂದ ಬಂದ ಕೆಲಸದವರೇ ಪೇಟೆಗೆ ತಂದರು ಅಂತ ಎಲ್ಲರ ಬಾಯಲ್ಲೂ ಒಂದೇ ಮಾತು. ನಾನು ಲ್ಯಾಬಿನವಳು. ಆ ಮಾತು ನಿಜವಾ ಅಂತ ನೋಡಲು ವೈರಸ್ಸಿನ ಜೀನೋಮ್, ಅಂದರೆ ಅಕ್ಷರಗಳ ಸಾಲಿನಂತಿರುವ ಅದರ ಪೂರ್ತಿ ವಂಶವಾಹಿ, ಓದಿಸೋಣ ಅಂದೆ.

ಎಲ್ಲ ಸ್ವ್ಯಾಬೂ ಇದಕ್ಕೆ ಆಗುವುದಿಲ್ಲ. ಆರ್‌ಟಿಪಿಸಿಆರ್ ಟೆಸ್ಟಿನಲ್ಲಿ ವೈರಸ್ ಎಷ್ಟನೇ ಸುತ್ತಿಗೆ ಕಂಡಿತು ಅನ್ನುವ ಲೆಕ್ಕವೇ ಸಿಟಿ ವ್ಯಾಲ್ಯೂ; ಅದು 25ರ ಒಳಗಿದ್ದವನ್ನು ಆರಿಸಿದೆ. 30 ದಾಟಿದರೆ ವೈರಸ್ ತೀರಾ ಕಮ್ಮಿ, ಜೀನೋಮ್ ತುಂಡು ತುಂಡಾಗಿ ಸಿಗುತ್ತದೆ. ಆಮೇಲೆ ಐಸ್‌ನಲ್ಲಿಟ್ಟು ಬೆಂಗಳೂರಿಗೆ. ಮಳೆಗಾಲದ ಕೊಡಗಿನಲ್ಲಿ ಫ್ರೀಜರ್ ಕಾಯುವ ಪಾಡು ಬೇರೆ ಹೇಳಬೇಕಾ? ಕರೆಂಟಿಗಿಂತ ಜನರೇಟರನ್ನೇ ನಂಬಿದ್ದೆವು.

ಫಲಿತಾಂಶ ಬಂದಾಗ ಮೊದಲು ನೋಡಿದ್ದು ಓದಲಾಗದೆ ‘ಎನ್’ ಅಂತ ಬಿಟ್ಟ ಜಾಗಗಳನ್ನು. ಡೆಲ್ಟಾ ಬಂದ ಮೇಲೆ ಹಳೆಯ ಆರ್ಟಿಕ್ ಪ್ರೈಮರ್ (ಓದುವ ಮೊದಲು ಜೀನೋಮನ್ನು ನಕಲು ಮಾಡಲು ಅದಕ್ಕೆ ಅಂಟಿಸುವ ಚಿಕ್ಕ ತುಣುಕು) ವೈರಸ್ಸಿನ ಮೈಮೇಲಿನ ಮುಳ್ಳಿನ ಜೀನ್ ಆದ ಸ್ಪೈಕ್ ಜೀನಿನ ಒಂದು ಕಡೆ ಸರಿಯಾಗಿ ಅಂಟುತ್ತಿರಲಿಲ್ಲ. ಹಾಗಾಗಿ ಹಲವು ಸ್ಯಾಂಪಲ್‌ಗಳಲ್ಲಿ ಅದೇ ಜಾಗ ಖಾಲಿ. ಇಬ್ಬರದ್ದೂ ಖಾಲಿ ಇದ್ದರೆ ಇಬ್ಬರದ್ದೂ ಒಂದೇ ವೈರಸ್ ಅಂತಲ್ಲ! ಅದನ್ನು ಬಿಟ್ಟು ಉಳಿದದ್ದನ್ನು ಹೋಲಿಸಬೇಕು.

ಈ ವೈರಸ್ಸಿನ ಜೀನೋಮ್ ಸುಮಾರು 30,000 ಅಕ್ಷರದ್ದು. ತಿಂಗಳಿಗೆ ಸರಾಸರಿ ಎರಡು ಬದಲಾಗುತ್ತವೆ. ಲೈನಿನವರ ವೈರಸ್‌ಗಳ ನಡುವೆ ಹೆಚ್ಚೆಂದರೆ ಒಂದು ಅಕ್ಷರದ ವ್ಯತ್ಯಾಸ. ಪೇಟೆಯವಕ್ಕೂ ಅವಕ್ಕೂ ಏಳೆಂಟು. ಎರಡೂ ಕಡೆ ಬದಲಾವಣೆ ನಡೆಯುತ್ತದೆ, ಹಾಗಾಗಿ ಕವಲೊಡೆದು ಹೆಚ್ಚುಕಮ್ಮಿ ಎರಡು ತಿಂಗಳಾಗಿರಬೇಕು. ಲೈನಿನಲ್ಲಿ ಕಾಯಿಲೆ ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಅಲ್ಲಿಂದ ಪೇಟೆಗೆ ಹೋಗಿದ್ದರೆ ಒಂದೆರಡು ಅಕ್ಷರಕ್ಕಿಂತ ಜಾಸ್ತಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಕೆಲಸದವರ ಮೇಲೆ ಸುಮ್ನೆ ಗೂಬೆ ಕೂರಿಸಿದ್ದರು.

ಹಾಗಾದರೆ ಲೈನಿಗೆ ಎಲ್ಲಿಂದ ಬಂತು? ಕೆಲಸದವರನ್ನು ಕರೆತರುವ ಜೀಪಿನ ಡ್ರೈವರ್ ಸ್ಯಾಂಪಲ್ ಅಕ್ಷರಕ್ಕಕ್ಷರ ಹೊಂದಿತು. “ಅವನೇ ತಂದಿದ್ದು, ಅಲ್ವಾ ಮೇಡಂ?” ಅಂದರು ಹೆಲ್ತ್ ಇನ್‌ಸ್ಪೆಕ್ಟರ್. ಅದನ್ನು ಜೀನೋಮ್ ಹೇಳುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಕೆಲವೇ ದಿನ ಸಾಕು, ಅಷ್ಟರಲ್ಲಿ ಎಷ್ಟೋ ಸಲ ಒಂದಕ್ಷರವೂ ಬದಲಾಗಿರುವುದಿಲ್ಲ. ಯಾರು ಕೊಟ್ಟರು, ಯಾರು ತಗೊಂಡರು ಅಂತ ಹೇಗೆ ತಿಳಿಯಬೇಕು? ಆಶಾ ಕಾರ್ಯಕರ್ತೆ ಬರೆದಿಟ್ಟ ಜ್ವರದ ತಾರೀಖು ತೆಗೆದು ನೋಡಿದೆವು. ಡ್ರೈವರ್‌ಗೂ ಲೈನಿನ ಮೊದಲ ಇಬ್ಬರಿಗೂ ಜ್ವರ ಬಂದದ್ದು ಒಂದೇ ದಿನ. ಮೂವರಿಗೂ ಬೇರೊಬ್ಬರಿಂದ ಬಂದಿರಬಹುದು, ಆ ವ್ಯಕ್ತಿ ಟೆಸ್ಟಿಗೇ ಬಂದಿರಲಿಕ್ಕಿಲ್ಲ.

ವರದಿಯಲ್ಲಿ ಲೈನೂ ಜೀಪೂ ಒಂದು ಕವಲು, ಪೇಟೆ ಬೇರೆ ಕವಲು ಅಂತಷ್ಟೇ ಬರೆದೆ. ಹೆಸರಿನ ಜಾಗದಲ್ಲಿ ನಂಬರ್ ಹಾಕಿ ಕಳಿಸಿದೆ.