ವಾಹನದ ಹುಚ್ಚಿನಿಂದ ಮಾತಿನ ಕಡೆಗೆ: ನನ್ನ ಅನುಭವ

"ಇವನಿಗೆ ಕಾರು, ಬಸ್ಸು ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ" ಎಂದು ತಂದೆತಾಯಿ ದೂರುವಾಗ ನನಗೆ ಒಳಗೊಳಗೇ ಖುಷಿಯಾಗುತ್ತದೆ. ನಾನು ವಾಕ್ ಚಿಕಿತ್ಸಕಿ. ಮಾತು ತಡವಾದ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಮಗುವಿಗೆ ಹೇಳಿಕೊಳ್ಳಬೇಕು ಅನ್ನಿಸುವಂತೆ ಮಾಡುವುದು. ವಾಹನದ ಹುಚ್ಚಿರುವ ಮಗು ಆ ಆಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬರುತ್ತದೆ. ಇದು ವಿಚಿತ್ರವೂ ಅಲ್ಲ, ಅಪರೂಪವೂ ಅಲ್ಲ. ಮನೋವಿಜ್ಞಾನಿ ಜೂಡಿ ಡಿಲೋಚ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಪುಟ್ಟ ಮಕ್ಕಳಿಗೆ ಯಾವುದಾದರೂ ಒಂದು ವಿಷಯದ ಮೇಲೆ ಇಂಥ ತೀವ್ರ ಸೆಳೆತ ಇದ್ದದ್ದು ಕಂಡುಬಂದಿತ್ತು. ಗಂಡುಮಕ್ಕಳಲ್ಲಿ ಅದು ಹೆಚ್ಚು, ಅವರಲ್ಲಿ ವಾಹನಗಳದ್ದೇ ಮೇಲುಗೈ. ಜೆಸಿಬಿ ಬಿಟ್ಟು ಬೇರೇನನ್ನೂ ಮುಟ್ಟದ ಹೆಣ್ಣುಮಕ್ಕಳೂ ನನ್ನ ಕೋಣೆಗೆ ಬಂದಿದ್ದಾರೆ.

ಈ ಸೆಳೆತವನ್ನು ಹೆಚ್ಚಿನವರು ಹಾಳುಮಾಡುವುದು ಪ್ರಶ್ನೆಗಳಿಂದ. "ಇದು ಏನು? ಇದರ ಬಣ್ಣ ಯಾವುದು? ಎಷ್ಟು ಚಕ್ರ ಇದೆ ಹೇಳು?" ಆಟ ನಡೆಯುತ್ತಿದ್ದ ಜಾಗ ನಿಮಿಷದೊಳಗೆ ಪರೀಕ್ಷಾ ಕೊಠಡಿಯಾಗುತ್ತದೆ, ಮಗು ಬೆನ್ನು ತಿರುಗಿಸಿ ಕೂರುತ್ತದೆ. ನನ್ನ ಕೆಲಸ ಶುರುವಾಗುವುದು ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕೂರುವುದರಿಂದ. ಅನೇಕ ಮಕ್ಕಳು ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಅರೆಮುಚ್ಚಿ, ಬಸ್ಸನ್ನು ಅಂಗುಲ ಅಂಗುಲವಾಗಿ ಮೂಗಿನ ಮುಂದೆ ಹಾಯಿಸುತ್ತಾರೆ. ಆಗ ನಾನೂ ಎದುರುಗಡೆ ಹಾಗೆಯೇ ಮಲಗುತ್ತೇನೆ. ಚಕ್ರದ ಆಚೆ ನನ್ನ ಮುಖ ಕಾಣಬೇಕು, ತುಟಿ ಕಾಣಬೇಕು. ಮಗು ನೋಡುತ್ತಿರುವುದು ಚಕ್ರವಾದರೆ ನಾನು ಹೇಳುವುದು "ಚಕ್ರ... ತಿರುಗಿತು, ತಿರುಗಿತು" ಎಂದಷ್ಟೇ. ಬಾಗಿಲನ್ನು ತೋರಿಸಿ "ಇಲ್ಲಿ ನೋಡು" ಎನ್ನುವುದಿಲ್ಲ. ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೇ ಪದವನ್ನು ಒಯ್ದರೆ ಅದು ಚೆನ್ನಾಗಿ ಅಂಟುತ್ತದೆ, ಗಮನವನ್ನು ಎಳೆದು ತಂದು ಕಲಿಸಿದರೆ ಅಷ್ಟಾಗಿ ಅಂಟುವುದಿಲ್ಲ. ಸಂಶೋಧಕರಾದ ಟೊಮಸೆಲ್ಲೊ ಮತ್ತು ಫರಾರ್ 1986ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ.

ಪದಗಳಿಗಿಂತ ಮೊದಲು ಸದ್ದು. ಬಸ್ಸಿಗೆ "ಪೊಂ ಪೊಂ", ರೈಲಿಗೆ "ಕೂ", ಕಾರಿಗೆ "ಬುರ್ರ್", ಬಿದ್ದರೆ "ಡಂ". ಪ, ಬ, ಮ ಎರಡು ತುಟಿ ಸೇರಿ ಹುಟ್ಟುವ ಧ್ವನಿಗಳು, ಕಣ್ಣಿಗೆ ಕಾಣುವಂಥವು. ಮಕ್ಕಳ ಬಾಯಿಗೆ ಮೊದಲು ಬರುವ ವ್ಯಂಜನಗಳಲ್ಲಿ ಇವೇ ಮುಂದೆ. ಆಂಬುಲೆನ್ಸಿನ "ಈ-ಊ-ಈ-ಊ" ನನಗೆ ಬಲು ಇಷ್ಟ, ತುಟಿ ಅಗಲವಾಗುವುದು, ಮತ್ತೆ ಗುಂಡಗಾಗುವುದು ಎರಡನ್ನೂ ಮಗು ನೋಡುತ್ತದೆ. ವಾಹನ ದೂರದಲ್ಲಿದ್ದಾಗ ಪಿಸುಗುಟ್ಟಿ, ಹತ್ತಿರ ಬಂದಂತೆ ಸ್ವರ ಏರಿಸಿದರೆ ದನಿಯ ಏರಿಳಿತದ ಅಭ್ಯಾಸವೂ ಸದ್ದಿಲ್ಲದೆ ಆಗಿಬಿಡುತ್ತದೆ. ಒಂದು ಮಾತು ಇಲ್ಲಿ ಸ್ಪಷ್ಟಪಡಿಸಬೇಕು. "ಬುರ್ರ್" ಮಾಡಿಸುವುದು ತುಟಿಗೆ ಬಲ ಬರಲಿ ಎಂದಲ್ಲ. ಊದುವ, ನಾಲಿಗೆ ಚಾಚುವ ಕಸರತ್ತುಗಳಿಂದ ಮಾತು ಸುಧಾರಿಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ನನಗೆ ಬೇಕಾದದ್ದು ಅನುಕರಣೆ: ನಾನು ಮಾಡಿದ್ದನ್ನು ನೀನು ಮಾಡು, ನೀನು ಮಾಡಿದ್ದನ್ನು ನಾನು ಮಾಡುತ್ತೇನೆ. ಮಗು ಪ್ರತಿ ಬಾರಿ ಬಸ್ಸು ಕಂಡಾಗ "ಪೊಂ" ಎಂದರೆ ಅದನ್ನು ನಾನು ಪದವೆಂದೇ ಲೆಕ್ಕಕ್ಕೆ ಹಿಡಿಯುತ್ತೇನೆ, ತಾಯಿಗೂ ಹಾಗೆಯೇ ಬರೆದಿಡಲು ಹೇಳುತ್ತೇನೆ.

ನನ್ನ ಕೋಣೆಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ವಸ್ತು ಎಂದರೆ ಒಂದು ರಟ್ಟಿನ ಹಲಗೆ. ಒಂದು ತುದಿಯನ್ನು ಪುಸ್ತಕಗಳ ಮೇಲಿಟ್ಟರೆ ಇಳಿಜಾರು ಸಿದ್ಧ. ಕಾರನ್ನು ಮೇಲ್ತುದಿಯಲ್ಲಿ ಇಟ್ಟು ಒಂದು ಬೆರಳಿನಿಂದ ತಡೆದು ಹಿಡಿಯುತ್ತೇನೆ. "ಒಂದು... ಎರಡು... ಮೂರು!" ಬೆರಳು ತೆಗೆಯುತ್ತೇನೆ, ಕಾರು ಜಾರಿ ಹೋಗಿ ಗೋಡೆಗೆ ಬಡಿಯುತ್ತದೆ. ಮತ್ತೆ ಅದೇ ಆಟ, ಅದೇ ದನಿ, ಅದೇ ವೇಗ. ಕ್ರಮ ಮಗುವಿಗೆ ಬಾಯಿಪಾಠವಾದ ಮೇಲೆ "ಒಂದು... ಎರಡು..." ಎಂದು ನಿಲ್ಲಿಸುತ್ತೇನೆ. ಹುಬ್ಬು ಮೇಲಕ್ಕೆ, ಬಾಯಿ ಅರ್ಧ ತೆರೆದು, ಉಸಿರು ಹಿಡಿದು ಸುಮ್ಮನೆ ಕಾಯುತ್ತೇನೆ. ಐದರಿಂದ ಹತ್ತು ಸೆಕೆಂಡು. ಪಕ್ಕದಲ್ಲಿ ಕೂತ ಪೋಷಕರಿಗೆ ಈ ಮೌನ ಯುಗದಂತೆ ಕಾಣುತ್ತದೆ, ಅವರೇ "ಮೂರು ಅನ್ನು ಪುಟ್ಟಾ" ಎಂದು ಬಾಯಿ ಹಾಕುತ್ತಾರೆ. ನಾನು ಕಣ್ಣಿನಲ್ಲೇ ತಡೆಯುತ್ತೇನೆ. ಒಬ್ಬ ಹುಡುಗ ನನ್ನ ಬೆರಳನ್ನು ನೋಡಿದ, ಕಾರನ್ನು ನೋಡಿದ, ಬೆರಳನ್ನು ಎತ್ತಲು ಯತ್ನಿಸಿದ, ಕೊನೆಗೆ ನನ್ನ ಮುಖಕ್ಕೆ ಕಣ್ಣು ತಂದು "ಊ" ಎಂದ. "ಮೂರು" ಎನ್ನುವುದರಲ್ಲಿ ಅವನಿಗೆ ಸಿಕ್ಕಿದ್ದು ಅಷ್ಟೇ. ಆ ಕ್ಷಣವೇ ಕಾರು ಬಿಟ್ಟೆ. ತನ್ನ ದನಿಯಿಂದ ಕಾರು ಓಡಿತು ಎನ್ನುವುದು ಅವನಿಗೆ ಹೊಳೆಯಬೇಕಾದರೆ ನಡುವೆ ಹೊಗಳಿಕೆ, ಚಪ್ಪಾಳೆ, ತಿದ್ದುಪಡಿ ಯಾವುದೂ ಬರಬಾರದು. ಮುಂದಿನ ವಾರಗಳಲ್ಲಿ ಅದು "ಮೂ" ಆಯಿತು. "ರು" ಬರಲು ಇನ್ನೂ ಕಾಲವಿದೆ. ರಕಾರ ತಡವಾಗಿ ಬರುವ ಧ್ವನಿ, ಅದಕ್ಕಾಗಿ ಈ ವಯಸ್ಸಿನಲ್ಲಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಕಾಯುವುದಕ್ಕೂ ಒತ್ತೆ ಇಡುವುದಕ್ಕೂ ವ್ಯತ್ಯಾಸವಿದೆ. "ಕಾರು ಎನ್ನು, ಆಗ ಮಾತ್ರ ಕೊಡುತ್ತೇನೆ" ಎಂದು ಆಟಿಕೆಯನ್ನು ಎತ್ತರಕ್ಕೆ ಹಿಡಿದು ಅಳಿಸುವುದನ್ನು ನಾನು ಸಹಿಸುವುದಿಲ್ಲ. ಮಗು ಹತ್ತು ಸೆಕೆಂಡಿನಲ್ಲಿ ಏನೂ ಹೇಳದಿದ್ದರೆ ಪದವನ್ನು ನಾನೇ ಹೇಳಿ ಕಾರನ್ನು ಬಿಡುತ್ತೇನೆ. ನೋಟ, ಕೈಸನ್ನೆ, ನನ್ನ ಬೆರಳನ್ನು ಎಳೆದದ್ದು, ಎಲ್ಲವೂ ಸಂವಹನವೇ. ಮಾತಾಡದಿದ್ದರೂ ಆಟ ಮುಂದುವರಿಯುತ್ತದೆ, ಮಾತಾಡಿದರೆ ಬೇಗ ಮುಂದುವರಿಯುತ್ತದೆ. ಅಷ್ಟೇ ಲೆಕ್ಕ.

ಹೆಸರುಗಳ ಬಗ್ಗೆ ನನಗೊಂದು ತಕರಾರಿದೆ. ಕೆಲವು ಮಕ್ಕಳು ಟಿಪ್ಪರ್, ಕ್ರೇನ್, ಟ್ಯಾಂಕರ್, ರೋಡ್ ರೋಲರ್ ಎಂದು ಪಟಪಟನೆ ಹೇಳುತ್ತಾರೆ, ಮನೆಯವರಿಗೆ ಹೆಮ್ಮೆ. ಆದರೆ "ಬಾ", "ಕೊಡು", "ಬೇಡ", "ಸಾಕು" ಒಂದೂ ಇರುವುದಿಲ್ಲ. ನಾಮಪದಗಳನ್ನು ಎಷ್ಟು ಪೇರಿಸಿದರೂ ವಾಕ್ಯ ಆಗುವುದಿಲ್ಲ. ವಾಹನದ ದೊಡ್ಡ ಗುಣ ಅದು ಚಲಿಸುವುದು, ಅಂದರೆ ಕ್ರಿಯಾಪದಗಳ ಗಣಿ ಅದು. ಬಂತು, ಹೋಯಿತು, ನಿಂತಿತು, ಬಿತ್ತು, ತಿರುಗಿತು, ಹತ್ತು, ಇಳಿ, ತಳ್ಳು, ತಡೆ. ಹಾಗಾಗಿ ನಾನು ನೆಲದ ಮೇಲೆ ಗೇಟು ಆಗುತ್ತೇನೆ. ಕೈ ಅಡ್ಡ ಹಿಡಿದರೆ ರಸ್ತೆ ಬಂದ್. "ತೆಗೆ" ಎಂದರೆ, ಅಥವಾ "ತೆ" ಎಂದರೂ, ಕೈ ಏಳುತ್ತದೆ. ಇನ್ನೊಮ್ಮೆ ಸೇತುವೆ ಆಗುತ್ತೇನೆ, ಇನ್ನೊಮ್ಮೆ ಸಿಗ್ನಲ್. ವಾಹನ ಮುಂದೆ ಹೋಗಬೇಕಾದರೆ ದಾರಿಯಲ್ಲಿ ನಾನಿರಬೇಕು. ಒಬ್ಬನೇ ಕೂತು ಕಾರು ಉರುಳಿಸುವ ಮಗುವಿನ ಆಟದೊಳಗೆ ದೊಡ್ಡವರು ಪ್ರವೇಶ ಪಡೆಯಲು ಇದಕ್ಕಿಂತ ಸುಲಭ ಉಪಾಯ ನನಗೆ ಸಿಕ್ಕಿಲ್ಲ.

ಹೆಸರನ್ನೇ ಹೇಳಿಸುವುದಾದರೆ "ಬಸ್", "ಕಾರ್" ಎನ್ನುವುದಕ್ಕಿಂತ "ಬಸ್ಸು", "ಕಾರು" ಎನ್ನಿ. ವ್ಯಂಜನದಲ್ಲಿ ಮುಗಿಯುವ ಪದಕ್ಕಿಂತ ಸ್ವರದಲ್ಲಿ ಮುಗಿಯುವ ಎರಡಕ್ಷರದ ಪದ ಎಳೆ ಬಾಯಿಗೆ ಹಗುರ. "ಲಾರಿ"ಯಲ್ಲಿ ಲ, ರ ಎರಡೂ ಇವೆ, ಮಗು "ಆಯಿ" ಎಂದರೆ ಅಚ್ಚರಿಯಿಲ್ಲ. ನಾನು ತಿದ್ದುವುದಿಲ್ಲ. "ಹೌದು, ಲಾರಿ. ಲಾರಿ ಬಂತು" ಎಂದು ಸರಿಯಾದ ರೂಪವನ್ನು ಕಿವಿಗೆ ಹಾಕಿ, ಜೊತೆಗೆ ಒಂದೇ ಒಂದು ಪದ ಸೇರಿಸಿ ಬಿಡುತ್ತೇನೆ. ಮರಳಿ ಹೇಳು ಎಂದು ಒತ್ತಾಯಿಸುವುದಿಲ್ಲ.

ಸದ್ದು ಮಾಡುವ, ದೀಪ ಮಿನುಗುವ ಬ್ಯಾಟರಿ ವಾಹನಗಳು ಬಂದರೆ ಮೊದಲು ಸೆಲ್ ತೆಗೆದಿಡುತ್ತೇನೆ. ಆಟಿಕೆಯೇ ಹಾರ್ನ್ ಹೊಡೆದರೆ ಮಗುವಿಗೂ ಕೆಲಸವಿಲ್ಲ, ನಮಗೂ ಇಲ್ಲ. ಸಂಶೋಧಕಿ ಅನ್ನಾ ಸೋಸಾ ಅವರು ಇನ್ನೂ ಚಿಕ್ಕ, 10ರಿಂದ 16 ತಿಂಗಳ ಮಕ್ಕಳ ಮನೆಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ ಪೋಷಕರು ಆಡುವ ಮಾತೇ ಕಡಿಮೆಯಾದದ್ದು ದಾಖಲಾಗಿದೆ. ಮೊಬೈಲಿನ ವಾಹನ ವಿಡಿಯೋಗಳದ್ದೂ ಅದೇ ತೊಂದರೆ: ಅವು ಮಗುವಿಗಾಗಿ ಕಾಯುವುದಿಲ್ಲ. ಅದಕ್ಕಿಂತ ಕಿಟಕಿ ಮೇಲು. ನಿಜವಾದ ಬಸ್ಸು ಬರುತ್ತದೆ, ಹೋಗುತ್ತದೆ, "ಇನ್ನೊಂದು" ಎನ್ನಲು ಅವಕಾಶ ಕೊಡುತ್ತದೆ.

ಕೆಲವು ತಿಂಗಳು ಕಳೆದ ಮೇಲೆ ಪೋಷಕರು ಕೇಳುವ ಪ್ರಶ್ನೆ ಸರಿಯಾದದ್ದೇ: ಯಾವಾಗಲೂ ವಾಹನವೇ ಆದರೆ ಉಳಿದ ಮಾತು ಬರುವುದು ಯಾವಾಗ? ಉಳಿದದ್ದನ್ನು ಲಾರಿಯೇ ಹೊತ್ತು ತರುತ್ತದೆ. ನನ್ನ ಲಾರಿ ಖಾಲಿ ಓಡುವುದಿಲ್ಲ. ಒಂದು ದಿನ ಚೆಂಡು, ಒಂದು ದಿನ ಚಮಚ, ಒಂದು ದಿನ ಮಗುವಿನ ಸ್ವಂತ ಚಪ್ಪಲಿ. "ಚಪ್ಪಲಿ ಬಂತು!" ಎಂದಾಗ ಉಕ್ಕುವ ನಗುವಿನ ಜೊತೆ ಆ ಪದವೂ ಕೂತುಬಿಡುತ್ತದೆ. ಬಸ್ಸಿಗೆ ಬೆಕ್ಕು ಹತ್ತುತ್ತದೆ, ಪಾಪು ಹತ್ತುತ್ತದೆ, ಅಜ್ಜಿ ಹತ್ತುತ್ತಾಳೆ, ಯಾರೋ ಅಳುತ್ತಾರೆ, ಯಾರೋ ನಿದ್ದೆ ಹೋಗುತ್ತಾರೆ. ಕಾರು ಕೊಳೆಯಾದರೆ ನೀರು, ಸೋಪು, ಒರೆಸು, ಒದ್ದೆ. ಎರಡು ಪದದ ಜೋಡಣೆ ಇಲ್ಲೇ ಶುರುವಾಗುತ್ತದೆ: "ಬೆಕ್ಕು ಬಂತು", "ಅಜ್ಜಿ ಇಳಿ", "ದೊಡ್ಡ ಬಸ್ಸು". ಆದರೆ ಹೊರೆ ಬದಲಾಗುವುದನ್ನು ಸಹಿಸದ ಮಕ್ಕಳೂ ಇರುತ್ತಾರೆ. ಅವರಿಗೆ ವಾರಕ್ಕೊಂದು ಬದಲಾವಣೆ ಸಾಕು, ಅದೂ ಅವರದೇ ಕೈಯಿಂದ.

ಇಷ್ಟೆಲ್ಲಕ್ಕೂ ಮೊದಲು ಶ್ರವಣ ಪರೀಕ್ಷೆ ಆಗಿರಲೇಬೇಕು. ಸದ್ದಿಗೆ ತಿರುಗಿ ನೋಡುತ್ತಾನೆ ಎನ್ನುವುದು ಸಾಕಾಗುವುದಿಲ್ಲ. ಮಾತಿನ ಧ್ವನಿಗಳು ಪೂರ್ತಿ ಕೇಳಿಸದ ಮಗುವೂ ಲಾರಿಯ ಹಾರ್ನಿಗೆ ತಿರುಗಬಹುದು. ಎರಡು ವರ್ಷದ ಹೊತ್ತಿಗೆ ಸುಮಾರು 50 ಪದಗಳು ಮತ್ತು ಎರಡು ಪದಗಳ ಜೋಡಣೆ ಕಾಣದಿದ್ದರೆ ಕಾಯದೆ ತಪಾಸಣೆ ಮಾಡಿಸಬೇಕು. ವಾಹನಗಳನ್ನು ಸಾಲಾಗಿ ಜೋಡಿಸಿದ ಮಾತ್ರಕ್ಕೆ ಆಟಿಸಂ ಎಂದು ಬೆಚ್ಚಬೇಕಿಲ್ಲ. ಹೆಸರು ಕರೆದರೆ ತಿರುಗದಿರುವುದು, ಬೆರಳು ತೋರಿಸಿ ತನ್ನ ಖುಷಿಯನ್ನು ಹಂಚಿಕೊಳ್ಳದಿರುವುದು ಜೊತೆಗಿದ್ದರೆ ಮಾತ್ರ ನಾನು ಮುಂದಿನ ಮೌಲ್ಯಮಾಪನಕ್ಕೆ ಕಳುಹಿಸುತ್ತೇನೆ.

ಕೊನೆಗೆ ಆಟ ನಿಲ್ಲಿಸುವ ರಂಪ. ವಾಹನಪ್ರಿಯ ಮಕ್ಕಳ ಕೈಯಿಂದ ಕಾರನ್ನು ಕಸಿದುಕೊಂಡರೆ ಆ ದಿನದ ಗಳಿಕೆಯೆಲ್ಲ ಅಳುವಿನಲ್ಲಿ ಕೊಚ್ಚಿಹೋಗುತ್ತದೆ. ಅದಕ್ಕೆ ನನ್ನಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ಗ್ಯಾರೇಜು ಇದೆ. ಒಂದೊಂದೇ ವಾಹನ ಒಳಗೆ ಹೋಗುತ್ತದೆ, "ಕಾರು, ಟಾಟಾ", "ಬಸ್ಸು, ಟಾಟಾ". ಕೊನೆಯದನ್ನು ಒಳಗಿಡುವ ಮತ್ತು ಮುಚ್ಚಳ ಹಾಕುವ ಹಕ್ಕು ಮಗುವಿನದು. ಮನೆಯಲ್ಲೂ ಹೀಗೆಯೇ ಮಾಡಿ, ಆಟಕ್ಕೆ ಒಮ್ಮೆಗೆ ಎರಡು ಮೂರು ವಾಹನ ಮಾತ್ರ ಹೊರಗಿರಲಿ ಎಂದು ಹೇಳಿ ಕಳುಹಿಸುತ್ತೇನೆ. ಉಳಿದವು ಪೆಟ್ಟಿಗೆಯಲ್ಲಿದ್ದರೆ ಅವನ್ನು ಕೇಳಲು ಮಗು ದೊಡ್ಡವರ ಬಳಿಗೆ ಬರಲೇಬೇಕಾಗುತ್ತದೆ.