ಆರ್ಗಾನ್ ನಳಿಕೆಗೆ ಶೀತ ಹಿಡಿದಾಗ

ತೀರ್ಥಹಳ್ಳಿ ಕಡೆಯ ಕಾಲೇಜೊಂದರಲ್ಲಿ ಭೌತವಿಜ್ಞಾನ ಪಾಠ ಮಾಡುವ ನನಗೆ ಫ್ರಾಂಕ್–ಹರ್ಟ್ಸ್ ಪ್ರಯೋಗ ಬರುವುದು ಸರಿಯಾಗಿ ಆಷಾಢದಲ್ಲಿ. ವೇಳಾಪಟ್ಟಿ ಬರೆದವರು ಆಗುಂಬೆಯ ಮಳೆ ನೋಡಿದವರಲ್ಲ.

1914ರಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಗುಸ್ತಾಫ್ ಹರ್ಟ್ಸ್ ಪಾದರಸದ ಆವಿಯೊಳಗೆ ಎಲೆಕ್ಟ್ರಾನ್‌ಗಳನ್ನು ಓಡಿಸಿದಾಗ, ಪ್ರತಿ 4.9 ವೋಲ್ಟಿಗೊಮ್ಮೆ ಪ್ರವಾಹ ಕುಸಿಯಿತು. ಪರಮಾಣು ಚಿಲ್ಲರೆ ಮುಟ್ಟುವುದಿಲ್ಲ. ಪೂರ್ತಿ ಕೊಟ್ಟರೆ ಮಾತ್ರ ಮೇಲಿನ ಮೆಟ್ಟಿಲು ಹತ್ತುತ್ತದೆ. ನಮ್ಮ ನಳಿಕೆಯಲ್ಲಿರುವುದು ಆರ್ಗಾನ್, ಹಾಗಾಗಿ ಪಾದರಸದಂತೆ ಕುಲುಮೆಯಲ್ಲಿಟ್ಟು ಕಾಯಿಸುವ ರಗಳೆಯಿಲ್ಲ.

ಮೊದಲ ವರ್ಷ, ವೋಲ್ಟೇಜಿಗೆ ಪ್ರವಾಹ ಗುರುತಿಸಿದ ನನ್ನ ನಕ್ಷೆಯಲ್ಲಿ, ಪ್ರತಿ ಕುಸಿತಕ್ಕೆ ಮುಂಚೆ ಬರಬೇಕಾದ ಶಿಖರಗಳು ಇವೆಯೋ ಇಲ್ಲವೋ ಎಂಬಂತಿದ್ದವು. ಗೆರೆ ಘಾಟಿ ಹತ್ತುವ ಬಸ್ಸಿನಂತೆ ಸುಮ್ಮನೆ ಮೇಲಕ್ಕೆ ಹೋಗುತ್ತಿತ್ತು. “ಇದಕ್ಕೂ ಶೀತ ಹಿಡಿದಿದೆ ಸರ್” ಎಂದರು ಅಟೆಂಡರ್. ನಕ್ಕು ಸುಮ್ಮನಾದೆ. ನಾಲ್ಕು ದಿನ ಬಿಟ್ಟು, ಫಿಲಮೆಂಟ್ (ಕಾಯಿಸುವ ತಂತಿ) ಆರಿಸಿ, ಎಲೆಕ್ಟ್ರಾನ್ ಓಡಿಸುವ ವೋಲ್ಟೇಜನ್ನಷ್ಟೇ ಏರಿಸಿ ನೋಡಿದೆ. ಎಲೆಕ್ಟ್ರಾನ್ ಹೊರಡುವ ಜಾಗವೇ ತಣ್ಣಗಿರುವಾಗ ಮೀಟರ್ ಸೊನ್ನೆಯಲ್ಲಿ ನಿಲ್ಲಬೇಕು. ಅದು ವೋಲ್ಟೇಜಿನ ಜೊತೆಗೇ ಏರಿತು! ನಾವು ಅಳೆಯುವ ಪ್ರವಾಹ ನ್ಯಾನೊ ಆಂಪಿಯರ್ (ಆಂಪಿಯರಿನ ನೂರು ಕೋಟಿಯಲ್ಲೊಂದು ಪಾಲು) ಲೆಕ್ಕದ್ದು. ನಳಿಕೆಯ ಬುಡದಲ್ಲಿ ಕೂತ ತೇವ, ಬೂಷ್ಟು ಅಷ್ಟನ್ನು ಸಾಗಿಸಲು ಧಾರಾಳ ಸಾಕು.

ಪ್ಲಗ್ ಕಿತ್ತು, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಬುಡ ಒರೆಸಿದೆ, ಹತ್ತಿ ಹಸಿರುಗಪ್ಪಾಯಿತು. ಮರದ ಬೀರುವಿನಲ್ಲಿ 60 ವ್ಯಾಟ್ ಬಲ್ಬ್ ಉರಿಸಿ, ರಾತ್ರಿಯಿಡೀ ನಳಿಕೆಯನ್ನು ಅದರ ಪಕ್ಕ ಇಟ್ಟೆವು. ಮರುದಿನ ಫಿಲಮೆಂಟ್ ಆರಿಸಿದಾಗ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಜೂನ್ ಬಂತೆಂದರೆ ಈಗ ಆ ಬೀರುವೇ ನಳಿಕೆಯ ಮನೆ.

ವಿದ್ಯಾರ್ಥಿಗಳು ಎರಡೆರಡು ವೋಲ್ಟ್ ಹಾರಿಸುತ್ತಾರೆ. ಶಿಖರ ನಡುವೆಯೇ ತಪ್ಪಿಹೋಗುತ್ತದೆ. ನಾನು ಅರ್ಧರ್ಧ ವೋಲ್ಟ್ ಏರಿಸುತ್ತೇನೆ. ಆ ದಿನ ಶಿಖರಗಳು ಸಿಕ್ಕಿದ್ದು 15, 26.5, 38, 50, 62 ವೋಲ್ಟ್‌ಗಳಲ್ಲಿ. ಮೊದಲನೆಯದನ್ನೇ ಉತ್ತರ ಎಂದುಕೊಳ್ಳಬಾರದು: ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ಜಾಗ) ಮತ್ತು ಗ್ರಿಡ್ (ಅದನ್ನು ಎಳೆಯುವ ಜಾಲರಿ) ನಡುವಿನ ಸಂಪರ್ಕ ವಿಭವ, ಅಂದರೆ ಲೋಹಗಳ ವ್ಯತ್ಯಾಸದಿಂದ ತಾನಾಗಿ ಹುಟ್ಟುವ ವೋಲ್ಟೇಜ್, ಇಡೀ ಸಾಲನ್ನೇ ಪಕ್ಕಕ್ಕೆ ತಳ್ಳಿರುತ್ತದೆ. ಅಂತರಗಳನ್ನು ಹಿಡಿಯಬೇಕು. ಸರಾಸರಿ 11.75 ಬಂತು.

ಆರ್ಗಾನ್‌ನ ಮೊದಲ ಉದ್ರೇಕ ಮಟ್ಟ, ಅಂದರೆ ಅದರ ಪರಮಾಣು ಹತ್ತುವ ಮೊದಲ ಮೆಟ್ಟಿಲು, 11.55 ಎಲೆಕ್ಟ್ರಾನ್ ವೋಲ್ಟ್ (ಒಂದು ವೋಲ್ಟ್ ದಾಟಿದ ಎಲೆಕ್ಟ್ರಾನ್ ಗಳಿಸುವ ಶಕ್ತಿಯೇ ಒಂದು ಎಲೆಕ್ಟ್ರಾನ್ ವೋಲ್ಟ್). ಮೇಲೆ ಹೋದಂತೆ ಅಂತರ ತುಸು ಹಿಗ್ಗುವುದು ಈ ಪ್ರಯೋಗದ ಸಹಜ ಗುಣ. ಎಲೆಕ್ಟ್ರಾನ್ ಡಿಕ್ಕಿ ಹೊಡೆಯುವ ಮೊದಲು ಇನ್ನಷ್ಟು ಓಡಿ, ಇನ್ನಷ್ಟು ಶಕ್ತಿ ಗಳಿಸಿಕೊಂಡಿರುತ್ತದೆ. ಒಬ್ಬ ಹುಡುಗಿ 50ನ್ನು ರಬ್ಬರಿನಿಂದ ಅಳಿಸಿ 49.5 ಮಾಡಿದ್ದಳು. “ಮೀಟರ್ ಏನು ತೋರಿಸಿತಮ್ಮ?” ಎಂದೆ. ಅಳಿಸಿದ ಗುರುತಿನ ಮೇಲೆಯೇ ಮತ್ತೆ 50 ಬರೆದಳು.