ಗಿಡುಗನ ಮರಿಗೆ ಟ್ರಾಫಿಕ್ ಪೊಲೀಸ್

ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ನನ್ನ ಕಾರಿನ ಡಿಕ್ಕಿಯಲ್ಲಿ ತರಕಾರಿಗೆ ಜಾಗ ಇರುವುದಿಲ್ಲ. ತೂತು ಕೊರೆದ ಎರಡು ರಟ್ಟಿನ ಡಬ್ಬ, ನಾಲ್ಕು ಹಳೇ ಟರ್ಕಿ ಟವೆಲ್, ದಪ್ಪ ಚರ್ಮದ ಗ್ಲೌಸು, ರಸ್ತೆ ಕೆಲಸದವರು ಹಾಕುವಂಥ ಕಿತ್ತಳೆ ಜಾಕೆಟ್ಟು, ಒಂದು ಹೆಲ್ಮೆಟ್ಟು, ಉದ್ದ ಕೋಲಿನ ಪೊರಕೆ. ಆರು ತಿಂಗಳಿಗೆಂದು ತಿಪಟೂರಿನಿಂದ ಬಂದಿದ್ದ ಅಮ್ಮ ಡಿಕ್ಕಿ ತೆಗೆದು, "ಕಾರಲ್ಲಿ ಯಾಕೆ ಪೊರಕೆ?" ಅಂದಳು. ಗಿಡುಗನ ಮರಿ ಕಾಯೋಕೆ ಅಂದೆ. ಅಮ್ಮ ಕೈಲಿದ್ದ ಕೊತ್ತಂಬರಿ ಕಟ್ಟು ಹಾಗೇ ಹಿಡಿದು ನಿಂತಳು. "ಅಲ್ಲ ಕಣೇ, ನಿಮ್ಮಜ್ಜಿ ಕೋಳಿ ಪಿಳ್ಳೆ ಉಳಿಸ್ಕೊಳ್ಳೋಕೆ ದಿನಾ ಗಿಡುಗಂಗೆ ಕಲ್ಲು ಹೊಡೀತಿದ್ರು. ನೀನು ಅಮೆರಿಕಕ್ಕೆ ಬಂದು ಅದರ ಮರಿ ಕಾಯ್ತಿದ್ದೀಯಾ?"

ಅಮ್ಮನಿಗೆ ಕೊಕ್ಕು ಬಾಗಿದ್ದೆಲ್ಲ ಗಿಡುಗವೇ. ಇದು ಪೆರಿಗ್ರಿನ್ ಫಾಲ್ಕನ್, ಚಾಣದ ಬಳಗದ್ದು. ಮೇಲಿಂದ ಎರಗುವಾಗ ಗಂಟೆಗೆ 300 ಕಿಲೋಮೀಟರ್ ದಾಟುವ ಹಕ್ಕಿ. ನಮ್ಮ ಕಡೆ ಬಂಡೆ ಬೆಟ್ಟಗಳಲ್ಲಿ ಮರಿ ಮಾಡುವ, ಹೊಟ್ಟೆ ಕೆಂಪಗಿರುವ ಶಾಹೀನ್ ಕೂಡ ಇದರದೇ ಒಂದು ಉಪಜಾತಿ.

ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗ್. ಮರಿಗಳು ಮೊದಲ ಸಲ ಹಾರುವ ಎರಡು ಮೂರು ವಾರ ಮಾತ್ರ ಬೆಳಗ್ಗೆ ಐದೂಮುಕ್ಕಾಲಿಗೆ ಕಾವಲಿಗೆ ಹೋಗಿ ಎಂಟೂವರೆಗೆ ವಾಪಸ್ಸಾಗುತ್ತೇನೆ. ಇಲ್ಲಿ ಇದಕ್ಕೆ ಫ್ಲೆಜ್ ವಾಚ್ ಅನ್ನುತ್ತಾರೆ. ನಾನು ಕಾಯುವ ಕಟ್ಟಡದ ಹೆಸರು ಬರೆಯುವುದಿಲ್ಲ. ಜನ ಹೆಚ್ಚಾದಷ್ಟೂ ಕೆಲಸ ಕಷ್ಟ. ಗೂಡು ನೋಡಲೇಬೇಕು ಅನ್ನುವವರಿಗೆ ಸ್ಯಾನ್ ಹೋಸೆ ಸಿಟಿ ಹಾಲ್ ಇದೆ, ಬರ್ಕ್ಲಿ ವಿಶ್ವವಿದ್ಯಾಲಯದ ಕ್ಯಾಂಪನೀಲಿ ಗೋಪುರ ಇದೆ. ಎರಡೂ ಕಡೆ ಕ್ಯಾಮೆರಾ ಇಟ್ಟು ಲೋಕಕ್ಕೆಲ್ಲ ತೋರಿಸುತ್ತಾರೆ.

ಅಸಲಿಗೆ ಈ ಹಕ್ಕಿ ಗೂಡು ಕಟ್ಟುವುದೇ ಇಲ್ಲ. ಕಡಿದಾದ ಬಂಡೆಯ ಚಾಚಿನಲ್ಲಿ ಜಲ್ಲಿಯ ಮೇಲೆ ಎದೆಯೂರಿ, ಕಾಲಿಂದ ಕೆದರಿ, ಊಟದ ತಟ್ಟೆಯಷ್ಟು ಗುಂಡಿ ಮಾಡಿದರೆ ಬಾಣಂತಿಕೋಣೆ ಸಿದ್ಧ. ಹದಿನೆಂಟು ಮಹಡಿಯ ಕಟ್ಟಡ ಅದರ ಕಣ್ಣಿಗೆ ಬಂಡೆಯೇ: ಎತ್ತರ, ಗಾಳಿ, ಕೆಳಗೆ ಬೇಕಾದಷ್ಟು ಪಾರಿವಾಳ. ಬೋಳು ಕಾಂಕ್ರೀಟಿನ ಮೇಲೆ ಮೊಟ್ಟೆ ಉರುಳಿಹೋಗುತ್ತದೆಂದು ಜಲ್ಲಿ ತುಂಬಿದ ಮರದ ಪೆಟ್ಟಿಗೆ ಇಟ್ಟುಕೊಡುತ್ತಾರೆ. ಅಲ್ಲಿಯವರೆಗೆ ಎಲ್ಲ ಸರಿ. ತಾಪತ್ರಯ ಶುರುವಾಗುವುದು ಹಾರುವ ದಿನ. ಬಂಡೆಯಲ್ಲಾದರೆ ಮೊದಲ ಹಾರಾಟದಲ್ಲಿ ಸೋತ ಮರಿ ಕೆಳಗಿನ ಇನ್ನೊಂದು ಚಾಚಿನಲ್ಲಿ, ಯಾವುದೋ ಪೊದೆಯ ಬುಡದಲ್ಲಿ ಕೂತು ಸುಧಾರಿಸಿಕೊಳ್ಳುತ್ತದೆ. ಗಾಜಿನ ಗೋಡೆಗೆ ಚಾಚೂ ಇಲ್ಲ, ಪೊದೆಯೂ ಇಲ್ಲ. ಮೇಲಿಂದ ಹೊರಟದ್ದು ನೇರ ಬಸ್ಸು ಓಡಾಡುವ ರಸ್ತೆಗೆ. ಗಾಜಿನಲ್ಲಿ ಕಾಣುವ ಆಕಾಶವನ್ನೇ ನಿಜವೆಂದು ನುಗ್ಗುವುದು ಬೇರೆ. ಬರ್ಕ್ಲಿ ಗೋಪುರದಲ್ಲಿ 2017ರಲ್ಲಿ ಹುಟ್ಟಿದ ಮೊದಲ ಎರಡು ಮರಿಗಳಿಗೆ ಫಿಯಟ್, ಲಕ್ಸ್ ಎಂದು ಹೆಸರಿಟ್ಟಿದ್ದರು. ಲಕ್ಸ್ ಕಟ್ಟಡಕ್ಕೆ ಬಡಿದು ಸತ್ತಿತು.

ಸೇತುವೆ ಇನ್ನೂ ಕೆಟ್ಟದ್ದು. ಉಕ್ಕಿನ ತೊಲೆಯ ಸಂದಿಯಲ್ಲಿ ಮರಿ ಚೆನ್ನಾಗೇ ಬೆಳೆಯುತ್ತದೆ, ಆದರೆ ಕೆಳಗಿರುವುದು ನೀರು. ಬಿದ್ದರೆ ಕಾವಲಿನವರು ಮಾಡುವುದು ಏನೂ ಇಲ್ಲ. ಅದಕ್ಕೇ ಸ್ಯಾನ್ ಫ್ರಾನ್ಸಿಸ್ಕೋದ ಬೇ ಬ್ರಿಜ್‌ನಿಂದ ಮರಿಗಳನ್ನು ಮೊದಲೇ ಎತ್ತಿ ಬೇರೆ ಕಡೆ ಬೆಳೆಸಿ ಬಿಟ್ಟದ್ದುಂಟು. ನಾನು ಸೇತುವೆ ಕಾವಲಿಗೆ ಹೋಗಿಲ್ಲ, ಹೋಗುವ ಧೈರ್ಯವೂ ಇಲ್ಲ.

ನಮ್ಮ ಕೆಲಸದ ಮುಕ್ಕಾಲು ಪಾಲು ದಿನದ ಲೆಕ್ಕ. ಮೂರೋ ನಾಲ್ಕೋ ಮೊಟ್ಟೆ, ಸುಮಾರು 33 ದಿನ ಕಾವು. ಮೊಟ್ಟೆ ಒಡೆದಲ್ಲಿಂದ ಎಣಿಸಿದರೆ 40ನೇ ದಿನದ ಆಸುಪಾಸಿಗೆ ಗಂಡು ಮರಿ ಹಾರುತ್ತದೆ, ಹೆಣ್ಣು ಇನ್ನೂ ಮೂರು ನಾಲ್ಕು ದಿನ ತಡ. ಹೆಣ್ಣಿನ ಮೈ ಗಂಡಿಗಿಂತ ಮೂರನೇ ಒಂದು ಪಾಲು ದೊಡ್ಡದು, ಗರಿ ಬಲಿಯಲು ಹೊತ್ತು ಹಿಡಿಯುತ್ತದೆ. ಆದರೆ ನಾನು ಕ್ಯಾಲೆಂಡರಿಗಿಂತ ಹೆಚ್ಚು ನಂಬುವುದು ಮರಿಯ ತಲೆಯನ್ನು. ಹುಟ್ಟಿದಾಗಿನ ಬಿಳಿ ಹತ್ತಿ ರೆಕ್ಕೆ, ಬೆನ್ನು, ಎದೆಗಳಿಂದ ಉದುರಿ ಕಂದು ಗರಿ ಬರುತ್ತದೆ. ಕೊನೆಗೆ ನೆತ್ತಿಯ ಮೇಲಷ್ಟೇ ಎಣ್ಣೆ ಹಚ್ಚದ ಕೂದಲಿನ ಹಾಗೆ ನಾಲ್ಕು ಎಳೆ ಉಳಿದಿರುತ್ತದೆ. ಸ್ಕೋಪಿನಲ್ಲಿ ಅದು ಕಂಡ ದಿನವೇ ಮ್ಯಾನೇಜರಿಗೆ ಮೆಸೇಜು: ಈ ವಾರ ಬೆಳಗಿನ ಮೀಟಿಂಗಿಗೆ ತಡವಾಗಬಹುದು.

ಆ ಹೊತ್ತಿಗೆ ಮರಿಗಳು ಅಂಚಿನ ಕಂಬಿ ಬಿಗಿಯಾಗಿ ಹಿಡಿದು ರೆಕ್ಕೆ ಬಡಿಯುತ್ತಿರುತ್ತವೆ. ಕೊಲ್ಲಿಯ ಕಡೆಯ ಗಾಳಿ ಗೋಡೆಗೆ ತಾಗಿ ಮೇಲೇರಿದಾಗ ಕಾಲು ಒಂದು ಗೇಣು ಎತ್ತಿಹೋಗುತ್ತದೆ, ಗಾಬರಿಬಿದ್ದು ಮತ್ತೆ ಕಂಬಿ ಹಿಡಿಯುತ್ತವೆ. ಅಪ್ಪ ಅಮ್ಮ ಬೇಟೆ ತಂದರೂ ಬಾಯಿಗೆ ಇಡುವುದಿಲ್ಲ. ಸತ್ತ ಹಕ್ಕಿಯನ್ನು ಉಗುರಲ್ಲಿ ತೂಗಿಸಿಕೊಂಡು ಮರಿಗಳ ಮೂಗಿನ ಮುಂದೆಯೇ ಹಾದು ಎದುರಿನ ಕಟ್ಟಡದ ಮೇಲೆ ಕೂರುತ್ತವೆ. ಬೇಕಿದ್ದರೆ ಬಾ. ಇದನ್ನು ನೋಡಿ ಅಮ್ಮ, "ಹೀಗೇ ಮಾಡ್ಬೇಕಿತ್ತು ನಿಮ್ಗೂ," ಅಂದಳು.

ನಾವು ಮೂವರು ಇರುತ್ತೇವೆ. ಒಬ್ಬರು ಪಾರ್ಕಿಂಗ್ ಕಟ್ಟಡದ ತಾರಸಿಯಲ್ಲಿ, ಇಬ್ಬರು ಕೆಳಗೆ ರಸ್ತೆಯಲ್ಲಿ. ಒಬ್ಬರಿಗೆ ಒಂದು ಮರಿ, ಮೊದಲೇ ಹಂಚಿಕೆ. ಎಲ್ಲರೂ ಒಂದೇ ಮರಿ ನೋಡುತ್ತ ಕೂತರೆ ಇನ್ನೊಂದು ಹಾರಿಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹಾರಿದ ತಕ್ಷಣ ಕೂಗಬೇಕಾದದ್ದು ಎರಡೇ ಮಾತು, ಯಾವ ದಿಕ್ಕು, ಎಷ್ಟನೇ ಮಹಡಿಯ ಎತ್ತರ. ಹೊಸಬರು ಖುಷಿಯಿಂದ "ಅಯ್ಯೋ ಹಾರ್ತು!" ಅಂತ ಮಾತ್ರ ಕೂಗುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ.

ಮೊದಲ ವರ್ಷ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಗಂಡು ಮರಿಯೊಂದು ಹೇಗೋ ಜಾರುತ್ತ ಬಂದು ಫುಟ್‌ಪಾತಿನ ಹೂಕುಂಡದ ಕಟ್ಟೆ ಮೇಲೆ ಕೂತಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನಾನೋ ಟವೆಲ್ ಅಗಲಿಸಿಕೊಂಡು ಎದುರಿನಿಂದಲೇ ಓಡಿದೆ. ಅದರ ಕಣ್ಣಿಗೆ ನಾನು ಎಂಥ ಭೂತವಾಗಿ ಕಂಡೆನೋ, ಹಿಂದಕ್ಕೆ ಹಾರಿತು. ಹಿಂದೆ ರಸ್ತೆ. ಒಬ್ಬ ಬಸ್ ಡ್ರೈವರ್ ಬ್ರೇಕ್ ಒತ್ತಿದ್ದರಿಂದ ಬದುಕಿತು. ಆಚೆ ಬದಿಯ ಸೈಕಲ್ ಸ್ಟ್ಯಾಂಡಿನ ಕಂಬಿಗಳ ನಡುವೆ ಸಿಕ್ಕಿಕೊಂಡ ಅದನ್ನು ನಮ್ಮ ತಂಡದ ಹಿರಿಯರೊಬ್ಬರು ಎತ್ತಿದರು. ಬೈಯಲಿಲ್ಲ. "ನಿನ್ನ ಕೆಲಸ ಹಕ್ಕಿ ಹಿಡಿಯೋದಲ್ಲ, ಗಾಡಿ ನಿಲ್ಲಿಸೋದು" ಅಂದರು, ಅಷ್ಟೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲಿಂದ ನನ್ನ ಕ್ರಮ ಇದು. ಮರಿ ನೆಲಕ್ಕಿಳಿದರೆ ಮೊದಲು ಅದಕ್ಕೂ ರಸ್ತೆಗೂ ನಡುವೆ ಹೋಗಿ, ರಸ್ತೆಗೆ ಬೆನ್ನು ಹಾಕಿ ನಿಲ್ಲುವುದು. ಓಡುವುದಿಲ್ಲ, ದಿಟ್ಟಿಸುವುದಿಲ್ಲ. ಮೊಬೈಲ್ ಎತ್ತಿಕೊಂಡು ಬರುವವರನ್ನೂ ನಾಯಿ ಹಿಡಿದವರನ್ನೂ ತಡೆಯುವುದು. ಕಿತ್ತಳೆ ಜಾಕೆಟ್ಟಿಗೆ ಇಲ್ಲಿ ಭಾರೀ ಮರ್ಯಾದೆ, ಕೈ ಎತ್ತಿದರೆ ಕಾರುಗಳು ನಿಲ್ಲುತ್ತವೆ. ಎಷ್ಟೋ ಸಲ ಇಷ್ಟೇ ಸಾಕು, ಹತ್ತು ನಿಮಿಷ ದಣಿವಾರಿಸಿಕೊಂಡು ಮರಿ ತಾನೇ ಎದ್ದುಹೋಗುತ್ತದೆ. ಎತ್ತಲೇಬೇಕಾದರೆ ಪರವಾನಗಿ ಇರುವ ತಂಡದವರು ಎತ್ತುತ್ತಾರೆ. ಅಳಿವಿನಂಚಿನ ಪಟ್ಟಿಯಿಂದ 1999ರಲ್ಲಿ ಹೊರಬಂದಿದ್ದರೂ 1918ರ ವಲಸೆ ಹಕ್ಕಿ ಕಾಯಿದೆಯ ಪ್ರಕಾರ ಕಂಡಕಂಡವರು ಮುಟ್ಟುವಂತಿಲ್ಲ. ಹಿಂದಿನಿಂದ ಬಂದು ಟವೆಲ್ಲನ್ನು ತಲೆ ಮುಚ್ಚುವಂತೆ ಹಾಕಬೇಕು, ಕತ್ತಲಾದರೆ ತೆಪ್ಪಗಾಗುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯಬೇಕು. ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ, ಹೆದರಬೇಕಾದದ್ದು ಕಾಲಿಗೆ. ತಂತಿಯ ಪಂಜರ ಕೂಡದು, ಗರಿ ಮುರಿಯುತ್ತದೆ. ಅದಕ್ಕೇ ರಟ್ಟಿನ ಡಬ್ಬ. ಜಾರದ ಹಾಗೆ ತಳಕ್ಕೆ ಟವೆಲ್. ನೀರು ಬೇಡ, ಊಟ ಬೇಡ, "ಅಚ್ಚುಮುದ್ದು" ಅನ್ನುವ ಮಾತುಕತೆಯೂ ಬೇಡ.

ಇಷ್ಟೆಲ್ಲ ಯಾಕೆ ಒದ್ದಾಡುತ್ತಾರೆ ಅನ್ನುವುದು ನನಗೂ ಮೊದಲು ತಿಳಿದಿರಲಿಲ್ಲ. 1970ರಲ್ಲಿ ಇಡೀ ಕ್ಯಾಲಿಫೋರ್ನಿಯಾದಲ್ಲಿ ಮರಿ ಮಾಡುತ್ತಿದ್ದುದು ಗೊತ್ತಿದ್ದದ್ದು ಎರಡು ಜೋಡಿ. ಎರಡೇ. ಹೊಲಕ್ಕೆ ಹೊಡೆದ ಡಿಡಿಟಿ ಹುಳುವಿನಿಂದ ಸಣ್ಣ ಹಕ್ಕಿಗೆ, ಅದರಿಂದ ಫಾಲ್ಕನ್ನಿನ ಮೈಗೆ ಸೇರಿ ಮೊಟ್ಟೆಯ ಚಿಪ್ಪು ತೆಳ್ಳಗಾಗಿತ್ತು. ತಾಯಿ ಕಾವಿಗೆ ಕೂತರೆ ಭಾರಕ್ಕೆ ಒಡೆದುಹೋಗುತ್ತಿತ್ತು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ಸ್ಯಾಂಟಾ ಕ್ರೂಜ್‌ನ ಬೇಟೆಹಕ್ಕಿ ಸಂಶೋಧಕರು ಹಗ್ಗ ಕಟ್ಟಿಕೊಂಡು ಬಂಡೆ ಇಳಿದು, ತೆಳು ಮೊಟ್ಟೆ ಎತ್ತಿ, ಹುಸಿಮೊಟ್ಟೆ ಇಟ್ಟು, ಯಂತ್ರದಲ್ಲಿ ಕಾವು ಕೊಟ್ಟು, ಮರಿಯನ್ನು ಮತ್ತೆ ಗೂಡಿಗೆ ಮುಟ್ಟಿಸುತ್ತಿದ್ದರು. ಅಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಬಸ್ಸಿನ ಚಕ್ರಕ್ಕೆ ಕೊಡಲು ಯಾರಿಗೂ ಮನಸ್ಸಿಲ್ಲ. ಒಂದು ಮಾತು ಮಾತ್ರ ನಾನು ಒಪ್ಪುವುದಿಲ್ಲ: ಪಾರಿವಾಳದ ಕಾಟ ತಪ್ಪುತ್ತದೆಂದು ಫಾಲ್ಕನ್ ಬೇಕು ಅನ್ನುವುದು. ಒಂದು ಜೋಡಿ ತಿಂದು ಮುಗಿಸುವಷ್ಟು ಕಡಿಮೆ ಪಾರಿವಾಳ ಯಾವ ಊರಲ್ಲೂ ಇಲ್ಲ. ನಮ್ಮ ಕಟ್ಟಡದ ಬುಡದಲ್ಲಿ ನಾನು ಹೆಕ್ಕುವ ಗರಿಗಳಲ್ಲಿ ಮರಕುಟಿಕದ್ದೂ ಇರುತ್ತವೆ, ಕಿತ್ತಳೆ ದಂಟಿನವು.

ಅಮ್ಮನಿಗೆ ಸಂಜೆ ಟೀವಿಯಲ್ಲಿ ಬರ್ಕ್ಲಿ ಕ್ಯಾಮೆರಾ ಹಾಕಿ, ಹಳೇ ಕತೆಗಳನ್ನೆಲ್ಲ ಹೇಳುತ್ತಿದ್ದೆ. ಧಾರಾವಾಹಿಯ ಹಾಗೆ ಕೇಳುತ್ತಿದ್ದಳು. ಆ ಗೋಪುರದ ಜೋಡಿ ಹೆಣ್ಣು ಆನಿ, ಗಂಡು ಗ್ರಿನೆಲ್. 2022ರ ಮಾರ್ಚ್ 31ರಂದು ಗ್ರಿನೆಲ್ ಊರೊಳಗೆ ಸತ್ತುಬಿದ್ದಿದ್ದು ಸಿಕ್ಕಿತು, ಕಾರು ತಾಗಿರಬೇಕು. ಆನಿಯ ಮೊಟ್ಟೆ ಅದಾಗಲೇ ಪೆಟ್ಟಿಗೆಯಲ್ಲಿತ್ತು. ಕೆಲವೇ ಗಂಟೆಗಳಲ್ಲಿ ಬೇರೊಂದು ಗಂಡು ಬಂದು, ಕಾವಿಗೂ ಕೂತಿತು. ಎರಡು ಮರಿ ಆದವು. ಬಂದವನಿಗೆ ಜನ ಆಲ್ಡನ್ ಎಂದು ಹೆಸರಿಟ್ಟರು. "ಮೊಟ್ಟೆ ಅವಂದಲ್ಲ, ಆದ್ರೂ ಕೂತ ನೋಡು," ಎಂದು ಅಮ್ಮ ಅದನ್ನು ತಿಪಟೂರಿಗೆ ಫೋನ್ ಮಾಡಿ ಚಿಕ್ಕಮ್ಮನಿಗೂ ಒಪ್ಪಿಸಿದಳು. ಆನಿಯ 2018ರ ಮಗಳು ಲಾರೆನ್ಸಿಯಂ ಹಳೇ ಜೈಲಿನ ದ್ವೀಪ ಆಲ್ಕಟ್ರಾಜ್‌ನಲ್ಲಿ ಸಂಸಾರ ಹೂಡಿದ ಸುದ್ದಿಗೆ ಮಾತ್ರ, "ಒಳ್ಳೆ ಜಾಗ ಹುಡುಕಿದ್ಲು!"

ಹೋದ ಸಲ ಎತ್ತಬೇಕಾಗಿ ಬಂದದ್ದು ಒಂದೇ ಮರಿ, ಹೆಣ್ಣು. ಬೆಳಗ್ಗೆ ಆರೂಹತ್ತಕ್ಕೆ ಗಾಜಿಗೆ ತಾಗಿ, ಬಾಗಿಲ ಮೇಲಿನ ಚಾವಣಿಗೆ ಬಿದ್ದು, ಅಲ್ಲಿಂದ ಕೆಳಗೆ ಬಂತು. ಕಾವಲುಗಾರ ಮೆಕ್ಸಿಕೋದವನು, "ಅಲ್ಕೋನ್! ಅಲ್ಕೋನ್!" ಎಂದು ಓಡಿಬಂದ, ಅವನ ಸ್ಪ್ಯಾನಿಷ್‌ನಲ್ಲಿ ಫಾಲ್ಕನ್ ಅಂದರೆ ಅದೇ. ನಾನು ರಸ್ತೆಗೆ ಬೆನ್ನು ಹಾಕಿ ನಿಂತೆ. ಹಿರಿಯರು ಟವೆಲ್ ಹಾಕಿ ಎತ್ತಿದರು. ರೆಕ್ಕೆ ಬಿಡಿಸಿ, ಕಣ್ಣಿನ ಪಾಪೆ ಎರಡೂ ಒಂದೇ ಸಮ ಇದೆಯಾ ನೋಡಿ, ಡಬ್ಬದ ಕತ್ತಲಲ್ಲಿ ಒಂದು ಗಂಟೆ ಬಿಟ್ಟರು. ಒಳಗಿಂದ ಉಗುರು ರಟ್ಟನ್ನು ಕೆರೆಯುವ ಸದ್ದು ಜೋರಾದಾಗ, ಸರಿ, ಮೇಲಕ್ಕೆ.

ಪೊರಕೆ ಇರುವುದು ಇದಕ್ಕೇ. ತಾರಸಿಯ ಬಾಗಿಲು ತೆಗೆದದ್ದೇ ತಡ, ತಾಯಿ ಕಕ್-ಕಕ್-ಕಕ್ ಎಂದು ಅರಚುತ್ತ ತಲೆಗೇ ಬರುತ್ತದೆ. ಎರಗುವುದು ಯಾವಾಗಲೂ ಎತ್ತರದ ತುದಿಗೆ. ಹಾಗಾಗಿ ಹೆಲ್ಮೆಟ್ ಹಾಕಿಕೊಂಡು, ಪೊರಕೆಯನ್ನು ಬಾವುಟದ ಹಾಗೆ ತಲೆ ಮೇಲೆ ಎತ್ತಿ ಹಿಡಿಯುವುದು ನನ್ನ ಪಾಲಿನ ಕೆಲಸ. ಹಿರಿಯರು ಡಬ್ಬ ಅಡ್ಡ ಮಲಗಿಸಿ ಮುಚ್ಚಳ ತೆಗೆದರು. ಮರಿ ಹೊರಬರಲಿಲ್ಲ. ಡಬ್ಬದ ಬಾಯಲ್ಲಿ ನೆತ್ತಿಯ ನಾಲ್ಕೆಳೆ ಹತ್ತಿ ಮಾತ್ರ ಗಾಳಿಗೆ ಅಲುಗುತ್ತಿತ್ತು. ನಾವು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಾಗಿಲಿಗೆ ಬರುವಷ್ಟರಲ್ಲಿ ತಾಯಿ ಎರಡು ಸಲ ಪೊರಕೆಗೆ ಒದ್ದು ಹೋಯಿತು. ಬಾಗಿಲಿನ ಗಾಜಿನ ಕಿಂಡಿಯಿಂದ ನೋಡುತ್ತ ನಿಂತೆವು. ಇಪ್ಪತ್ತು ನಿಮಿಷ ಆದಮೇಲೆ ಡಬ್ಬದಿಂದ ನಡೆದುಕೊಂಡೇ ಬಂತು, ಸುತ್ತ ಒಮ್ಮೆ ನೋಡಿ, ಮೊದಲು ಮಾಡಿದ ಕೆಲಸ ಜೋರಾಗಿ ಊಟ ಕೇಳಿದ್ದು.

ಒಂಬತ್ತಕ್ಕೆ ಮನೆಯಿಂದಲೇ ಮೀಟಿಂಗ್ ಸೇರಿಕೊಂಡೆ. ಕ್ಯಾಮೆರಾ ಹಾಕಿದ ಕೂಡಲೇ ಮ್ಯಾನೇಜರ್ ಕೇಳಿದ್ದು, ಕೂದಲಲ್ಲಿ ಯಾಕೆ ಪೊರಕೆ ಕಡ್ಡಿ ಇದೆ ಎಂದು.